ಅಂಗಿಗುಂಡಿಯ ಬಟ್ಟಲು

ಮೈಕಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವರು ಮಕ್ಕಳು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಮೇಲೆ ಮುಖ ತೋರಿಸಿ ಹೋಗುತ್ತಿತ್ತೇ ಹೊರತು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಶಾಲೆಯ ಗೇಟಿನಲ್ಲಿ ಅವಳ ಕಪ್ಪು ಪೆಟ್ಟಿಗೆ ಕಂಡರೆ ಸಾಕು, ಕಾವಲಿನವನು ಒಳಗೆ ಕೂಗಿ ಹೇಳುತ್ತಿದ್ದ: "ಮೈಕಮ್ಮ ಬಂದ್ರು, ಎಲ್ರೂ ನೆಟ್ಟಗೆ ಮಾತಾಡ್ರಪ್ಪೋ!" ಅವನು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿಕೊಂಡು ಪಾಠ ಹೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಕಿವಿ ಕೇಳದ ಮಗುವಿನ ಮುಂದೆ ನಿಂತು ಬಾಯಿ ಹರಿದುಕೊಂಡು ಕಿರುಚಿದರೆ ಇನ್ನೂ ಹೆಚ್ಚು ಉರಿಯುತ್ತಿತ್ತು. "ಕಿರುಚಿದ್ರೆ ಮಗೂಗೆ ಕಿವಿ ಬರಲ್ಲ ಮೇಷ್ಟ್ರೇ, ನಿಮ್ಮ ಗಂಟಲು ಹೋಗತ್ತೆ ಅಷ್ಟೆ," ಎಂದು ತರಗತಿಯ ಎದುರಿಗೇ ಅಂದುಬಿಡುತ್ತಿದ್ದಳು.

ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ತಂತಿ ಬೆಸೆಯುತ್ತ ಬೆಳೆದವಳು. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಯಾರಾದರೂ ಕೆದಕಿದರೆ, "ಅವರಿಗೆ ಕಿವಿ ಚೆನ್ನಾಗೇ ಇತ್ತು, ಕೇಳಿಸ್ಕೊಳ್ಳೋ ಮನಸ್ಸಿರಲಿಲ್ಲ. ಆ ರೋಗಕ್ಕೆ ನನ್ನ ಪೆಟ್ಟಿಗೇಲಿ ಸಾಮಾನಿಲ್ಲ," ಎಂದು ನಗುತ್ತಿದ್ದಳು. ಆಮೇಲೆ ಕೆದಕಿದವರು ಮತ್ತೆ ಆ ಕಡೆ ಹೋಗುತ್ತಿರಲಿಲ್ಲ.

ಅವಳ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮಗುವಿನ ಕಿವಿಯ ಹಿಂದೆ ಕೂರುವ ಶ್ರವಣಯಂತ್ರಕ್ಕೆ ಬೇಕಾದ ಸದ್ದು ಯಾವುದು, ಬೇಡದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಬೆಂಚು ಎಳೆದ ಸದ್ದು, ಫ್ಯಾನಿನ ಸದ್ದು, ಪಕ್ಕದವನ ಕೆಮ್ಮು, ಮೇಷ್ಟ್ರ ಪಾಠ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಳಗೆ ಸುರಿಯುತ್ತದೆ. ಅದಕ್ಕೇ ಮೇಷ್ಟ್ರ ಕೊರಳಪಟ್ಟಿಗೆ ಒಂದು ಪುಟ್ಟ ಮೈಕು. ಮಗುವಿನ ಯಂತ್ರಕ್ಕೆ ಉಗುರಿನಷ್ಟು ಇನ್ನೊಂದು ಸಾಧನ. ಮೇಷ್ಟ್ರು ಎಲ್ಲೇ ನಿಂತು ಮಾತಾಡಿದರೂ ರೇಡಿಯೋ ಅಲೆಯಲ್ಲಿ ಮಾತು ನೇರವಾಗಿ ಮಗುವಿನ ಕಿವಿಗೆ ಬಂದು ಬೀಳುತ್ತದೆ. ಇವೆರಡನ್ನೂ ಜೋಡಿಸಿ, ಮೈಕಿನ ದನಿ ಅಕ್ಕಪಕ್ಕದ ಮಕ್ಕಳ ದನಿಯನ್ನು ಮುಳುಗಿಸದಂತೆ, ತಾನೂ ಮುಳುಗದಂತೆ ಹದ ಮಾಡುವುದು ಮೈಕಮ್ಮನ ಕೆಲಸ. ಮೊದಲು ಒಂದು ನಳಿಕೆ ಸಿಕ್ಕಿಸಿ ಪ್ರತಿ ಮಗುವಿನ ಯಂತ್ರವನ್ನೂ ತನ್ನ ಕಿವಿಗೇ ಇಟ್ಟು ಕೇಳುತ್ತಿದ್ದಳು.

ಆಮೇಲೆ ಆಟ. ಹೌದು, ಮಕ್ಕಳ ಪಾಲಿಗೆ ಅದು ಆಟವೇ. ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಮರದ ಬಳೆಯೊಂದಕ್ಕೆ ಕಪ್ಪು ಬಟ್ಟೆ ಕಟ್ಟಿ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಏಕೆಂದರೆ ಕಿವಿ ಕೇಳದ ಮಕ್ಕಳು ತುಟಿ ಓದುವುದರಲ್ಲಿ ಗಟ್ಟಿಗರು. ಬಾಯಿ ಕಂಡರೆ ಕೇಳದಿದ್ದರೂ ಕೇಳಿತು ಎಂದುಬಿಡುತ್ತವೆ. ಬಳೆಯ ಹಿಂದಿನಿಂದ ಆರು ಸದ್ದು: ಆ, ಈ, ಊ, ಮ್, ಶ್, ಸ್. ಮಾತಿನ ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಎಲ್ಲವೂ ಈ ಆರರೊಳಗೆ ಬಂತು. ಮಗು ಒಂದು ಅಂಗಿಗುಂಡಿಯನ್ನು ಕೆನ್ನೆಗೆ ಒತ್ತಿ ಹಿಡಿದು ಕಾಯಬೇಕು. ಸದ್ದು ಕೇಳಿದ ಕೂಡಲೇ ಎದುರಿನ ಸ್ಟೀಲ್ ಬಟ್ಟಲಿಗೆ ಹಾಕಬೇಕು. ಕೇಳದಿದ್ದರೆ ಹಾಕಬಾರದು.

"ಅಂದಾಜು ಮಾಡಬಾರದು," ಎಂದು ಪ್ರತಿ ಮಗುವಿಗೂ ಬೆರಳು ಆಡಿಸಿ ಹೇಳುತ್ತಿದ್ದಳು. "ನನ್ನ ಮುಖ ನೋಡಿ ಪಾಪ ಅಂತ ಹಾಕ್ಬೇಡಿ. ಕೇಳ್ಲಿಲ್ಲ ಅಂದ್ರೆ ಕೆನ್ನೆ ಹತ್ರಾನೇ ಇಟ್ಕೊಂಡಿರಿ, ಸಾಯಂಕಾಲ ಆದ್ರೂ ಪರವಾಗಿಲ್ಲ. ನೀವು ಸುಳ್ಳು ಹಾಕಿದ್ರೆ ನಾನು ಮಷೀನು ಸರಿ ಇದೆ ಅಂದ್ಕೊಂಡು ಮನೆಗೆ ಹೋಗ್ತೀನಿ."

ಮೈಕಿಗೆ ಒಂದು ಸ್ವಿಚ್ಚು ಇತ್ತು. ಒತ್ತಿದರೆ ಮಾತು ಹೋಗುವುದು ನಿಲ್ಲುತ್ತದೆ, ದೀಪ ಹಸಿರಿನಿಂದ ಕೆಂಪಾಗುತ್ತದೆ. ಪಾಠ ಮುಗಿದ ಮೇಲೆ ಅದನ್ನು ಒತ್ತಲು ಮರೆಯದ ಮೇಷ್ಟ್ರು ಇನ್ನೂ ಹುಟ್ಟಿರಲಿಲ್ಲ. ಒಬ್ಬ ಟೀಚರು ಮೈಕು ಹಾಕಿಕೊಂಡೇ ಬಚ್ಚಲಿಗೆ ಹೋಗಿ ಹಾಡು ಗುನುಗಿದ್ದರು. ತರಗತಿಯಲ್ಲಿ ಒಬ್ಬ ಹುಡುಗ ಲೆಕ್ಕ ಮಾಡುತ್ತ ಮಾಡುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ಹುಡುಗನ ಮೇಲೆ ದೂರು ಬಂದಾಗ ಮೈಕಮ್ಮ ಟೀಚರಿಗೇ ಪಾಠ ಮಾಡಿದಳು: "ಸ್ವಿಚ್ಚು ಒತ್ತದೆ ಬಾಗಿಲು ಹಾಕ್ಕೊಂಡ್ರೆ ಬಾಗಿಲು ಹಾಕ್ಕೊಂಡ ಹಾಗಲ್ಲ ಮೇಡಂ."

ಇಷ್ಟು ತಿಳಿದವಳೇ ಒಂದು ಮನೆಯಲ್ಲಿ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ ಬಂದಳು.

ಆ ಮನೆಯ ಹುಡುಗಿ ಪಿಟೀಲು. ಎರಡನೇ ತರಗತಿ. ಕಿವಿಯೊಳಗೆ ಕೂರುವ ಯಂತ್ರದ ಅಚ್ಚು ಸಡಿಲವಾದಾಗ ಯಂತ್ರ ಕುಂಯ್ ಎಂದು ಕೂಗುತ್ತದೆ. ಇವಳು ಬೇಗ ಬೇಗ ಬೆಳೆಯುತ್ತಿದ್ದುದರಿಂದ ಅಚ್ಚು ಯಾವಾಗಲೂ ಸಡಿಲ, ಯಂತ್ರ ಯಾವಾಗಲೂ ಕುಂಯ್. ತರಗತಿಯ ಹುಡುಗರು ಕಿವಿ ಮುಚ್ಚಿಕೊಂಡು ಅಣಕಿಸಿದರು. ಹುಡುಗಿ ಅಳುತ್ತ ಮನೆಗೆ ಹೋದಾಗ ಅವಳ ಅಮ್ಮ, "ಅವರಿಗೆಲ್ಲ ಬರೀ ಬಾಯಿ ಇದೆ, ನಿನಗೆ ಪಿಟೀಲಿದೆ," ಎಂದು ಮುದ್ದು ಮಾಡಿ ಅದನ್ನೇ ಹೆಸರು ಮಾಡಿಬಿಟ್ಟಳು.

ಆ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಗೋಡೆಯ ತುಂಬ ಅರ್ಧ ಹೊಲಿದ ಶಾಲೆಯ ಅಂಗಿಗಳು, ಕಿಟಕಿಯ ಮೇಲೆ ಗುಂಡಿಗಳ ಡಬ್ಬಿ. ಮೈಕಮ್ಮ ಕಂಡ ತಾಯಂದಿರಲ್ಲೆಲ್ಲ ಇವಳೇ ಜಾಣೆ. ಬೆಳಗ್ಗೆ ಎದ್ದು ಮಗಳ ಅಚ್ಚು ತೊಳೆದು, ನಳಿಕೆ ಊದಿ ನೀರು ತೆಗೆದು, ಸೂಜಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಮಾಡಿ ಆರು ಸದ್ದು ಹೇಳಿ, ಆರೂ ಗುಂಡಿ ಬಿದ್ದ ಮೇಲೆಯೇ ಶಾಲೆಗೆ ಕಳಿಸುತ್ತಿದ್ದಳು. ಪಿಟೀಲು ಓದಲು ಕಲಿತದ್ದು, ಮಾತು ಕಲಿತದ್ದು, ಎಲ್ಲವೂ ಆ ಹೊಲಿಗೆ ಮಷೀನಿನ ಪಕ್ಕದಲ್ಲೇ.

ಆ ಅಮ್ಮನಿಗೆ ಕೆಮ್ಮು ಬಂತು. ಕೆಮ್ಮು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಫೋಟೋ ತೆಗೆದರು, ಎದೆಯೊಳಗೆ ಗಡ್ಡೆ ಎಂದರು, ಕೊಯ್ದರು, ಮದ್ದು ಹತ್ತಿಸಿದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದವಳಿಗೆ ದನಿ ಅರ್ಧಕ್ಕರ್ಧ ಹೋಗಿತ್ತು. ಹಾಸಿಗೆಯ ಪಕ್ಕ ಕೂತವರಿಗೇ ಅವಳ ಮಾತು ಕೇಳಲು ಬಗ್ಗಬೇಕಿತ್ತು. ಇನ್ನು ಪಿಟೀಲಿಗೆ ಕೇಳುವುದೆಲ್ಲಿ ಬಂತು? ಹುಡುಗಿ ಅಮ್ಮನ ತುಟಿ ನೋಡುತ್ತ ಕೂರುತ್ತಿದ್ದಳು. ಒಣಗಿ ಬಿರಿದ ಆ ತುಟಿಗಳು ಮೊದಲಿನಂತೆ ಆಡುತ್ತಿರಲಿಲ್ಲ.

ಮೈಕಮ್ಮ ಇದನ್ನು ನೋಡಿ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶಾಲೆಯ ಮೈಕಿನ ಸೆಟ್ಟುಗಳು ಶಾಲೆ ಬಿಟ್ಟು ಹೊರಗೆ ಹೋಗಬಾರದು ಎಂಬುದು ಆಫೀಸಿನ ನಿಯಮ. ಕೇಳಿದರೆ ಇಲ್ಲ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ರಿಪೇರಿಗೆಂದು ಬಂದ ಹಳೆಯ ಮೈಕೊಂದನ್ನು ಸರಿಮಾಡಿ, ಪಿಟೀಲಿನ ಯಂತ್ರಕ್ಕೆ ಜೋಡಿಸಿ, ರೋಗಿಯ ಅಂಗಿಯ ಕೊರಳಿಗೆ ಸಿಕ್ಕಿಸಿದಳು. ಅಮ್ಮ ಗೋಡೆಯ ಕಡೆ ನೋಡಿ ಪಿಸುಗುಟ್ಟಿದಳು. ಮುಂದಿನ ಕೋಣೆಯಲ್ಲಿದ್ದ ಪಿಟೀಲು ಓಡಿ ಬಂದು, "ನೀರು ಬೇಕಾ?" ಎಂದು ಕೇಳಿತು. ಹಾಸಿಗೆಯ ಮೇಲಿದ್ದವಳು ಬಹಳ ದಿನದ ಮೇಲೆ ನಕ್ಕಳು.

"ನಾನು ಹೇಳಿದ್ದು ಅವಳಿಗೆ ಹೋಗತ್ತೆ, ಅವಳು ಹೇಳಿದ್ದು ನನಗೆ ಬರತ್ತಾ ಅಕ್ಕಾ?" ಎಂದು ಆಕೆ ಕೇಳಿದಳು.

"ಇಲ್ಲ ಕಣಮ್ಮ. ಇದು ಒಂದೇ ಕಡೆ ಹೋಗೋ ದಾರಿ. ಉತ್ತರ ಬೇಕು ಅಂದ್ರೆ ಅವಳೇ ನಡ್ಕೊಂಡು ಬರಬೇಕು."

ತೊಂದರೆ ಎಲ್ಲಿ ಬಂತೆಂದರೆ, ಆಕೆಯ ಕೈ ಬಲ ಕಳೆದುಕೊಂಡು ಹೊದಿಕೆ ಎಳೆಯುವಾಗ, ಕೆಮ್ಮುವಾಗ, ಸ್ವಿಚ್ಚಿಗೆ ತಗುಲುತ್ತಿತ್ತು. ದೀಪ ಕೆಂಪಾಗುತ್ತಿತ್ತು. ಆಕೆ ಕರೆದು ಕರೆದು ಸುಸ್ತಾಗುತ್ತಿದ್ದಳು, ಪಿಟೀಲಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೈಕಮ್ಮ ಪೆಟ್ಟಿಗೆಯಿಂದ ಕರಿ ಟೇಪು ತೆಗೆದು ಸ್ವಿಚ್ಚಿನ ಮೇಲೆ ಬಿಗಿಯಾಗಿ ಅಂಟಿಸಿದಳು. "ಇನ್ನು ಏನು ಮಾಡಿದ್ರೂ ಆಫ್ ಆಗಲ್ಲ ನೋಡು," ಎಂದು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ಹೊರಟಳು. ಬುದ್ಧಿವಂತರು ಬೀಳುವುದು ಇಂಥ ಕಡೆಯೇ.

ಬಾಗಿಲ ಬಳಿ ಪಿಟೀಲಿನ ಅಪ್ಪ ಮತ್ತು ದೊಡ್ಡತ್ತೆ ಅವಳನ್ನು ತಡೆದರು. ಅಪ್ಪ ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು, ಮಾತು ಕಡಿಮೆ. ದೊಡ್ಡತ್ತೆ ಅವನ ಅಕ್ಕ, ರೋಗಿಯನ್ನು ನೋಡಿಕೊಳ್ಳಲು ಬಂದವಳು, ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಕೊರಳಿನ ಮೈಕು ಮಗುವನ್ನು ಕರೆಯುವ ಒಂದು ಬಗೆಯ ಗಂಟೆ ಎಂದಷ್ಟೇ ಇಬ್ಬರೂ ತಿಳಿದಿದ್ದರು.

"ಡಾಕ್ಟ್ರು ಕೈ ಚೆಲ್ಲಿದಾರೆ ಮೇಡಂ. ಮಗು ಕಿವಿಗೆ ಮಾತ್ರ ಹಾಕ್ಬೇಡಿ. ಎಲ್ಲಾ ಮುಗಿದ ಮೇಲೆ ನಿಧಾನಕ್ಕೆ ಹೇಳೋಣ. ಹೇಗೂ ಅದಕ್ಕೆ ಕೇಳ್ಸಲ್ಲ, ದೇವರು ಅಷ್ಟಾದ್ರೂ ಒಳ್ಳೇದು ಮಾಡಿದಾನೆ."

ಮೈಕಮ್ಮನಿಗೆ ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಈ ಕೆಲಸದಲ್ಲಿ ಅವಳು ಕಂಡ ಒಂದೇ ನಿಜವೆಂದರೆ, ಯಾವ ಮನೆಯಲ್ಲೂ ಸುದ್ದಿ ಕೊನೆಗೆ ಮುಟ್ಟುವುದು ಕಿವಿ ಕೇಳದ ಮಗುವಿಗೆ. ಬೇರೆ ಮಕ್ಕಳು ಆಡಿಕೊಳ್ಳುತ್ತ, ತಿನ್ನುತ್ತ, ನಿದ್ದೆ ಬಂದಂತೆ ನಟಿಸುತ್ತ ದೊಡ್ಡವರ ಮಾತನ್ನೆಲ್ಲ ಹೆಕ್ಕಿಕೊಳ್ಳುತ್ತವೆ. ಇವಕ್ಕೆ ಎದುರು ಕೂತು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜ ಸತ್ತದ್ದು ಗೊತ್ತಿಲ್ಲದೆ ಖಾಲಿ ಮಂಚಕ್ಕೆ ದಿನವೂ ಪೇಪರು ತಂದಿಡುತ್ತಿದ್ದ ಹುಡುಗನೊಬ್ಬನನ್ನು ಅವಳು ನೋಡಿದ್ದಳು. ಆ ಮಾತನ್ನು ಹೇಳಿಯೂ ಹೇಳಿದಳು. ದೊಡ್ಡತ್ತೆ ಕೇಳಲಿಲ್ಲ. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅವರ ಮನೆ, ಅವರ ಮಗು. ಮೈಕಮ್ಮ ಬಾಯಿಗೆ ಬೀಗ ಹಾಕಿಕೊಂಡು ಬಂದಳು.

ಒಂದು ವಾರ ಕಳೆದಿರಬೇಕು. ಶಾಲೆಯಲ್ಲಿ ಪಿಟೀಲಿನ ಯಂತ್ರ ನೋಡುವ ಸರದಿ. ಬಳೆ ಬಾಯಿಗೆ ಅಡ್ಡ ಹಿಡಿದು ಮೈಕಮ್ಮ ಆ ಎಂದಳು, ಗುಂಡಿ ಬಿತ್ತು. ಈ ಎಂದಳು, ಬಿತ್ತು. ಮೂರನೆಯದನ್ನು ಕೆನ್ನೆಗೆ ಒತ್ತಿ ಹಿಡಿದ ಪಿಟೀಲು ಇದ್ದಕ್ಕಿದ್ದಂತೆ ಕೇಳಿತು:

"ಮೈಕಮ್ಮ, 'ತಿಂಗಳು ದಾಟಲ್ಲ' ಅಂದ್ರೆ ಏನು?"

ಮೈಕಮ್ಮ ಬಳೆ ಕೆಳಗಿಟ್ಟಳು. "ಯಾರು ಹೇಳಿದ್ರು ಅದನ್ನ?"

"ಡಾಕ್ಟ್ರು ದೊಡ್ಡತ್ತೆಗೆ ಹೇಳಿದ್ರು. ದೊಡ್ಡತ್ತೆ ಅಪ್ಪಂಗೆ ಹೇಳಿದ್ರು. ಯಾರು ದಾಟಲ್ಲ? ಅಮ್ಮ ರಸ್ತೆ ದಾಟಕ್ಕೆ ಆಗಲ್ಲ, ಅದು ನಂಗೊತ್ತು. ತಿಂಗಳು ಹೇಗೆ ದಾಟ್ತಾರೆ?"

ಮೈಕಮ್ಮನಿಗೆ ಕರಿ ಟೇಪು ಕಣ್ಣ ಮುಂದೆ ಬಂತು. ರೋಗಿಯ ಹಾಸಿಗೆಯ ಸುತ್ತ ನಿಂತು ಡಾಕ್ಟರು ಆಡಿದ್ದು, ದೊಡ್ಡತ್ತೆ ನಿಟ್ಟುಸಿರು ಬಿಟ್ಟು ಹೇಳಿದ್ದು, ಬಾಗಿಲು ಹಾಕಿಕೊಂಡು ಗಂಡ ಹೆಂಡತಿಯ ಬಳಿ ಅತ್ತದ್ದು, ಎಲ್ಲವೂ ಹೆಂಡತಿಯ ಕೊರಳಿನ ಮೈಕಿನಿಂದ ಹೊರಟು ಗೋಡೆ ದಾಟಿ ಈ ಎಂಟು ವರ್ಷದ ಕಿವಿಗೆ ಬಿದ್ದಿತ್ತು. ಅದನ್ನು ಅಂಟಿಸಿದ್ದು ಇವಳ ಕೈಯೇ.

"ಇನ್ನೇನೇನು ಕೇಳ್ತು ಮಗಳೇ?"

ಹುಡುಗಿ ಗುಂಡಿಯನ್ನು ಬಟ್ಟಲಿಗೆ ಹಾಕದೆ ಬೆರಳಲ್ಲಿ ತಿರುಗಿಸುತ್ತ ಕೂತಳು. "ಅಮ್ಮ ಅಳೋದು. ನಾನು ಹತ್ರ ಇದ್ರೆ ನಗ್ತಾಳೆ. ಈಚೆಗೆ ಬಂದ್ರೆ ಅಳ್ತಾಳೆ. ಸಾಯೋದು ಅಂತಾನೂ ಕೇಳ್ತು. ಅದು ನಂಗೊತ್ತು ಏನಂತ." ಆಮೇಲೆ ತಲೆಯೆತ್ತಿ ಅವಸರದಲ್ಲಿ ಹೇಳಿದಳು, "ನೀವು ಹೇಳ್ಬೇಡಿ ಮೈಕಮ್ಮ. ಹೇಳಿದ್ರೆ ಅವ್ರು ಸ್ವಿಚ್ಚು ಒತ್ತಿಬಿಡ್ತಾರೆ. ಆಮೇಲೆ ನಂಗೆ ಯಾರೂ ಏನೂ ಹೇಳಲ್ಲ."

ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ಮೈಕಮ್ಮ ಆ ದಿನ ಕಳೆದಳು. ಟೇಪು ಕಿತ್ತರೆ ಹುಡುಗಿ ಮತ್ತೆ ಕತ್ತಲಿಗೆ ಬೀಳುತ್ತಾಳೆ. ಬಿಟ್ಟರೆ ಆ ಪುಟ್ಟ ಜೀವ ಅಷ್ಟನ್ನೂ ಒಬ್ಬಳೇ ಹೊರಬೇಕು. ದೊಡ್ಡತ್ತೆಗೆ ಹೇಳಿದರೆ ಮೈಕೇ ಮನೆಯಿಂದ ಆಚೆಗೆ ಬರುತ್ತದೆ. ಕೊನೆಗೆ ಅವಳಿಗೆ ತೋಚಿದ್ದು ಒಂದೇ. ಇನ್ನು ಉಳಿದಿರುವ ದಿನಗಳು ಯಾರಿಗೆ ಸೇರಿದವೋ ಅವಳನ್ನೇ ಕೇಳಬೇಕು.

ಮರುದಿನ ಪಿಟೀಲು ಶಾಲೆಯಲ್ಲಿದ್ದ ಹೊತ್ತಿಗೆ ಹೋಗಿ, ದೊಡ್ಡತ್ತೆಯನ್ನು ಟೀ ಮಾಡಲು ಕಳಿಸಿ, ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. "ನನ್ನ ತಪ್ಪು ಕಣಮ್ಮ. ಕೈಯಾರೆ ಮಾಡಿದ್ದು," ಎಂದಳು.

ಆಕೆ ಮುಖ ಇತ್ತ ತಿರುಗಿಸಿದಳು. "ನಾನು ಅತ್ತಿದ್ದೂ ಕೇಳಿದಾಳಾ?"

"ಕೇಳಿದಾಳೆ."

"ಅವಳ ಮುಂದೆ ಅಳಬಾರದು ಅಂತ ಎಷ್ಟು ಕಷ್ಟಪಟ್ಟು ತಡ್ಕೋತಿದ್ದೆ ಅಕ್ಕಾ. ಅವಳು ಆಚೆ ಹೋಗ್ಲಿ ಅಂತ ಕಾಯ್ತಿದ್ದೆ." ಆಕೆಯ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಏಳಲಿಲ್ಲ, ಮೈಕಮ್ಮನೇ ಒರೆಸಿದಳು. "ಅವಳಿಗೆ ಎಲ್ಲಾ ಗೊತ್ತು ಅನ್ನೋದು ನನಗೇ ಗೊತ್ತಿಲ್ಲದ ಹಾಗಾಯ್ತಲ್ಲ!"

ಮೈಕಮ್ಮ ಟೇಪಿನ ಅಂಚಿಗೆ ಉಗುರು ಹಾಕಿದಳು. ಆಕೆಯ ತಣ್ಣನೆಯ ಬೆರಳುಗಳು ಬಂದು ಆ ಕೈಯ ಮೇಲೆ ಕೂತವು.

"ಇರ್ಲಿ ಬಿಡಿ. ಎದುರಿಗೆ ಕೂತ್ರೆ ನನಗೆ ಬಾಯಿ ಬರಲ್ಲ, ಅವಳ ಮುಖ ನೋಡಿದ್ರೆ ಎಲ್ಲಾ ಮರೆತುಹೋಗತ್ತೆ. ಗೋಡೆ ನೋಡ್ಕೊಂಡು ಆದ್ರೆ ಹೇಳ್ತೀನಿ. ಗೋಡೆಗೂ ಕಿವಿ ಇದೆ ಅಂತಾರಲ್ಲ, ನಮ್ಮನೇಲಿ ನಿಜವಾಗ್ಲೂ ಇದೆ."

ಆ ದಿನದಿಂದ ಆಕೆ ಗೋಡೆಯ ಜೊತೆ ಮಾತಾಡತೊಡಗಿದಳು. ಉಸಿರು ಎಷ್ಟು ಬಿಟ್ಟುಕೊಡುತ್ತದೋ ಅಷ್ಟು. ಅಚ್ಚನ್ನು ಬಿಸಿನೀರಲ್ಲಿ ತೊಳೀಬೇಡ, ಉಗುರುಬೆಚ್ಚಗಿರಲಿ. ಅಪ್ಪ ರೇಗಿದರೆ ಹೆದರಬೇಡ, ಅವರಿಗೆ ಹಸಿವಾದರೆ ಹಾಗೆಯೇ, ಮೊದಲು ತಟ್ಟೆ ಇಡು. ದೊಡ್ಡತ್ತೆ ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ನಿನಗೆ ಕಿವಿ ಕೇಳಲ್ಲ ಅಂತ ಗೊತ್ತಾದ ದಿನ ನಾನು ಊಟ ಬಿಟ್ಟಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ, ಊಟ ಬಿಡೋ ಅಂಥದ್ದು ನಿನ್ನಲ್ಲಿ ಏನೂ ಇರಲಿಲ್ಲ. ನನಗೆ ಹೋಗೋಕೆ ಇಷ್ಟವಿಲ್ಲ. ಇಷ್ಟವಿಲ್ಲದೇ ಹೋಗ್ತಿದೀನಿ, ತಿಳ್ಕೋ.

"ಜ್ವರ ತಲೆಗೇರಿದೆ ಮೇಡಂ," ಎಂದು ದೊಡ್ಡತ್ತೆ ಮೈಕಮ್ಮನ ಬಳಿ ಗೊಳೋ ಎಂದಳು. "ಗೋಡೆ ನೋಡ್ಕೊಂಡು ಒಬ್ಬಳೇ ವಟಗುಟ್ತಾಳೆ. ಮಗು ಬೇರೆ ಆ ರೂಮಲ್ಲಿ ಮಷೀನಿನ ಕೆಳಗೆ ಕೂತ್ಕೊಂಡು ಏಳೋದೇ ಇಲ್ಲ, ಆಟ ಆಡ್ತಾನೇ ಇರತ್ತೆ. ಅದಕ್ಕಾದ್ರೂ ಏನೂ ತಿಳೀದಲ್ಲ, ಪುಣ್ಯ."

ಶಾಲೆಯಲ್ಲಿ ಪಿಟೀಲು ಎರಡು ದಿನ ಮೈಕಮ್ಮನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, "ಹೇಳಿಬಿಟ್ರಿ ಅಲ್ವಾ?" ಎಂದಳು. ಮೈಕಮ್ಮ ಹೌದು ಎಂದಳು. ಹುಡುಗಿ ಸ್ವಲ್ಪ ಯೋಚಿಸಿ, "ಸರಿ ಬಿಡಿ. ಅಮ್ಮ ಈಗ ನನ್ನ ಹೆಸರು ಹಿಡ್ದು ಮಾತಾಡ್ತಾಳೆ," ಎಂದು ಕ್ಷಮಿಸಿಬಿಟ್ಟಳು. ಹತ್ತಿರ ಹೋದರೆ ಅಮ್ಮ ಸುಮ್ಮನಾಗುತ್ತಾಳೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಹೋಗುತ್ತಿರಲಿಲ್ಲ. ಮಷೀನಿನ ಕೆಳಗೆ ಕೂತು ಕೇಳುತ್ತಿದ್ದಳು.

ಬೆಳಗಿನ ಆರು ಸದ್ದನ್ನು ಮಾತ್ರ ಅಮ್ಮ ಬಿಟ್ಟಿರಲಿಲ್ಲ. ಆದರೆ ಅವು ಒಂದೊಂದಾಗಿ ಉದುರಿದವು. ಮೊದಲು ಸ್ ಹೋಯಿತು, ಅದಕ್ಕೆ ಗಾಳಿಯನ್ನು ಬಿಗಿಯಾಗಿ ಹಿಡಿದು ಬಿಡಬೇಕು. ಆಮೇಲೆ ಶ್. ಪಿಟೀಲು ಶಾಲೆಗೆ ಬಂದ ಕೂಡಲೇ ವರದಿ ಒಪ್ಪಿಸುತ್ತಿದ್ದಳು: "ಇವತ್ತು ನಾಕೇ." ಆಮೇಲೆ ಈ ಹೋಯಿತು, ಊ ಹೋಯಿತು. ಬಾಯಿ ತೆರೆಯುವುದೇ ಕಷ್ಟವಾದ ಮೇಲೆ ಆ ಕೂಡ ಹೋಯಿತು. ಉಳಿದದ್ದು ಮ್. ಅದನ್ನು ಬಾಯಿ ಮುಚ್ಚಿಕೊಂಡೇ ಹೇಳಬಹುದು.

"ಮೈಕು ಸರಿ ಇದೆಯಾ ನೋಡಿ ಮೈಕಮ್ಮ," ಎಂದು ಹುಡುಗಿ ಪ್ರತಿ ಸಲ ಕೇಳುತ್ತಿದ್ದಳು. ಮೈಕಮ್ಮ ಪ್ರತಿ ಸಲ ಮನೆಗೆ ಹೋಗಿ ನೋಡುತ್ತಿದ್ದಳು. ಪ್ರತಿ ಸಲವೂ ಸರಿ ಇರುತ್ತಿತ್ತು.

ಶಾಲೆಗೆ ರಜೆಯಿದ್ದ ಒಂದು ಬೆಳಗ್ಗೆ ಮೈಕಮ್ಮ ಎಂದಿನಂತೆ ಪೆಟ್ಟಿಗೆ ಹಿಡಿದು ಆ ಮನೆಗೆ ಹೋದಳು. ಬಾಗಿಲ ಮುಂದೆ ಬೇರೆಯವರ ಚಪ್ಪಲಿಗಳು ಕಂಡವು. ಒಳಗೆ ಹಜಾರದಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ, ಬೇಕರಿಯಿಂದ ಹಾಗೇ ಓಡಿ ಬಂದಿದ್ದ, ಮೊಣಕೈವರೆಗೂ ಹಿಟ್ಟು. ನೆರೆಯವರು ಇಬ್ಬರು ಮೂವರು ಗೋಡೆಯ ಬದಿ ನಿಂತಿದ್ದರು. ದೊಡ್ಡತ್ತೆ ಬಂದು ಮೈಕಮ್ಮನ ತೋಳು ಹಿಡಿದುಕೊಂಡಳು.

"ಹೋಗ್ಬಿಟ್ಳು ಮೇಡಂ. ನಾನು ಗಂಜಿ ಬಿಸಿ ಮಾಡೋಕೆ ಅಂತ ಒಳಗೆ ಹೋಗಿದ್ದೆ ಅಷ್ಟೆ. ಬಂದು ನೋಡಿದ್ರೆ ಇಲ್ಲ. ಬಾಯಿಗೆ ಸೆರಗು ತುರುಕ್ಕೊಂಡು, ಬಾಗಿಲು ಮುಚ್ಕೊಂಡು ಈಚೆಗೆ ಬಂದೆ, ಇನ್ನೂ ಯಾರೂ ಆ ರೂಮಿಗೆ ಹೋಗಿಲ್ಲ. ಪಕ್ಕದಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಒಬ್ಬಳೇ ಹೋದ್ಳು ಪಾಪಿ." ಆಮೇಲೆ ದನಿ ತಗ್ಗಿಸಿದಳು, ಆ ಮನೆಯಲ್ಲಿ ದನಿ ತಗ್ಗಿಸಿದರೆ ಏನೋ ಉಪಯೋಗವಿದೆ ಎನ್ನುವಂತೆ. "ಮಗೂಗೆ ಇನ್ನೂ ಹೇಳಿಲ್ಲ. ಅಲ್ಲೇ ಆಟ ಆಡ್ಕೊಂಡಿದೆ. ಸಂಜೆ ಹೊತ್ತಿಗೆ ಹೇಳೋಣ, ಅಮ್ಮ ಆಸ್ಪತ್ರೆಗೆ ಹೋದ್ಳು ಅಂತ ಮೊದ್ಲು ಹೇಳಿ, ಆಮೇಲೆ..."

ಮೈಕಮ್ಮ ಅವಳ ಕೈ ಬಿಡಿಸಿಕೊಂಡು ಹೊಲಿಗೆ ಮಷೀನಿನ ಕೋಣೆಗೆ ಹೋದಳು.

ಪಿಟೀಲು ಮಷೀನಿನ ಕೆಳಗೆ ಕಾಲು ಮಡಿಸಿ ಕೂತಿದ್ದಳು. ಗುಂಡಿಗಳ ಡಬ್ಬಿ ಪಕ್ಕದಲ್ಲಿ ಬರಿದಾಗಿತ್ತು. ಎದುರಿಗೆ ಸ್ಟೀಲ್ ಬಟ್ಟಲು. ಅದರಲ್ಲಿ ಬಿಳಿ ಗುಂಡಿ, ನೀಲಿ ಗುಂಡಿ, ಕೋಟಿನ ದಪ್ಪ ಗುಂಡಿ, ಅಮ್ಮ ಹೊಲಿಯಲು ಕೂಡಿಟ್ಟಿದ್ದ ಗುಂಡಿಗಳೆಲ್ಲ ತುಂಬಿ, ಹೆಚ್ಚಾದವು ನೆಲದ ಮೇಲೆ ಚೆಲ್ಲಿದ್ದವು. ಒಂದೇ ಒಂದು ಗುಂಡಿ ಅವಳ ಕೈಯಲ್ಲಿತ್ತು. ಅದನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು. ಒತ್ತಿದ ಜಾಗದಲ್ಲಿ ಚರ್ಮ ಕೆಂಪಾಗಿ ಗುಂಡಿಯ ಅಂಚು ಮೂಡಿತ್ತು.

ಮೈಕಮ್ಮನಿಗೆ ನೋಡಿದ ಕೂಡಲೇ ಎಲ್ಲವೂ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಮೈಕು ಕೆಟ್ಟಿದೆ ಮೈಕಮ್ಮ," ಎಂದಳು ಪಿಟೀಲು, ಕೈ ಅಲುಗಿಸದೆ. "ಬೆಳಗ್ಗೆ ಮ್ ಕೂಡ ಬರ್ಲಿಲ್ಲ. ಬರೀ ಉಸಿರು ಬರ್ತಿತ್ತು, ಗೊರ್ ಗೊರ್ ಅಂತ. ಅದಕ್ಕೆ ಉಸಿರಿಗೇ ಒಂದೊಂದು ಹಾಕ್ದೆ. ಮೊದ್ಲು ಬೇಗ ಬೇಗ ಬಂತು. ಆಮೇಲೆ ನಿಧಾನ ಆಯ್ತು. ಆಮೇಲೆ ನಿಂತೋಯ್ತು. ಬ್ಯಾಟರಿ ಹೋಗಿರ್ಬೇಕು. ನಾನು ಅಂದಾಜು ಮಾಡಿಲ್ಲ ಮೈಕಮ್ಮ, ಕೇಳದೆ ಒಂದೂ ಹಾಕಿಲ್ಲ. ನೀವು ಹೋಗಿ ಸರಿ ಮಾಡಿ."

ಬಾಗಿಲಲ್ಲಿ ನಿಂತಿದ್ದ ದೊಡ್ಡತ್ತೆ ಬಾಯಿಗೆ ಕೈ ಒತ್ತಿಕೊಂಡು ಅಲ್ಲೇ ಕುಸಿದಳು. ಒಬ್ಬಳೇ ಹೋದಳು ಎಂದು ಆಗ ತಾನೇ ಹೇಳಿದ್ದಳಲ್ಲ.

ಮೈಕಮ್ಮ ರೋಗಿಯ ಕೋಣೆಗೆ ಹೋದಳು. ಅಂಗಿಯ ಕೊರಳಿನಲ್ಲಿ ಮೈಕು ಹಾಗೆಯೇ ಇತ್ತು. ತಾನು ಅಂಟಿಸಿದ ಟೇಪು ಒಂದಿಷ್ಟೂ ಏಳದೆ ಇತ್ತು. ಇಷ್ಟು ವರ್ಷ ಎಷ್ಟೋ ಮೈಕುಗಳ ಮುಂದೆ ಬಗ್ಗಿ, ಕೆಟ್ಟಿರದಿರಲಿ ಎಂದು ಬೇಡಿಕೊಂಡವಳು ಅವಳು. ಈಗ ಮೊದಲ ಸಲ, ಕೆಟ್ಟಿರಲಿ, ದೇವರೇ, ಇದೊಂದು ಕೆಟ್ಟಿರಲಿ, ಎಂದು ಬೇಡಿಕೊಂಡು ನೋಡಿದಳು. ದೀಪ ಹಸಿರಾಗಿತ್ತು.

ಟೇಪು ಕಿತ್ತು ಸ್ವಿಚ್ಚು ಒತ್ತಿಬಿಟ್ಟರೆ ದೀಪ ಕೆಂಪಾಗುತ್ತದೆ. ಹೌದು ಮಗಳೇ, ಕೆಟ್ಟಿದೆ, ರಿಪೇರಿಗೆ ಒಯ್ಯುತ್ತೇನೆ ಎಂದರೆ ಆ ಹುಡುಗಿ ನಂಬುತ್ತಾಳೆ, ಇವಳು ಹೇಳಿದ್ದನ್ನು ಎಂದೂ ನಂಬದೆ ಇದ್ದವಳಲ್ಲ. ಸಂಜೆಯವರೆಗೆ, ಬೇಕಾದರೆ ನಾಳೆಯವರೆಗೆ ಅವಳ ಅಮ್ಮನನ್ನು ಉಳಿಸಬಹುದು. ಮೈಕಮ್ಮನ ಉಗುರು ಟೇಪಿನ ಅಂಚಿಗೆ ಹೋಯಿತು. ಹಿಂದೊಮ್ಮೆ ಅದೇ ಕೈಯನ್ನು ತಡೆದ ಬೆರಳುಗಳು ಈಗ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅವನ್ನು ನೋಡಿ ಅವಳು ಕೈ ತೆಗೆದಳು.

ಹಾಸಿಗೆಯ ಅಂಚಿನಲ್ಲಿ ಕೂತು, ಮೈಕನ್ನು ಬಿಚ್ಚದೆ, ಸತ್ತವಳ ಕೊರಳಿನ ಹತ್ತಿರ ಬಾಯಿ ತಂದಳು. ಮರದ ಬಳೆಯ ಅಗತ್ಯವಿರಲಿಲ್ಲ, ನಡುವೆ ಗೋಡೆಯಿತ್ತು. ಮಗು ಅಮ್ಮನ ದನಿ ಎಂದುಕೊಳ್ಳದಂತೆ, ಶಾಲೆಯಲ್ಲಿ ಹೇಳುವ ತನ್ನ ದಪ್ಪ ದನಿಯಲ್ಲೇ ಸ್ಪಷ್ಟವಾಗಿ ಹೇಳಿದಳು:

"ಆ."

ಪಕ್ಕದ ಕೋಣೆಯಲ್ಲಿ ಬಟ್ಟಲಿಗೆ ಗುಂಡಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ಮಗು ಅಳತೊಡಗಿತು.